ಕುರಿ ಹಿಕ್ಕೆಯ ಹೊಗೆ ಹಿಡಿಸಿದ ಐಸ್‌ಲ್ಯಾಂಡ್ ವಿಸ್ಕಿ: ಚಿಕ್ಕಬಳ್ಳಾಪುರದಲ್ಲಿ ಸವಿದವನ ಒಂದು ಸಂದೇಹ

ಶಿಡ್ಲಘಟ್ಟದ ನಿವೃತ್ತ

ಸದಸ್ಯರೆಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನಮ್ಮ ಅಳಿಯಂದಿರು ಕಚೇರಿ ಕೆಲಸದ ಮೇಲೆ ಯೂರೋಪಿಗೆ ಹೋಗಿದ್ದವರು, ಹಿಂದಿರುಗುವ ಮೊದಲು ಮೂರು ದಿನ ಐಸ್‌ಲ್ಯಾಂಡಿನಲ್ಲಿ ತಂಗಿದ್ದರು. ಬರುವಾಗ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ನನಗೆಂದು ಒಂದು ಬಾಟಲಿ ಕೊಂಡುತಂದರು. ಹೆಸರು ಫ್ಲೋಕಿ, ಮದ್ಯಸಾರ ಶೇ. 47; ತಯಾರಿಸುವವರು ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡಿರುವ ಗಾರ್ಡಬೈರ್ ಪಟ್ಟಣದ ಐಮ್‌ವೆರ್ಕ್ ಎಂಬ ಭಟ್ಟಿಯವರು. ವಿಷಯ ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯಲು ಕೂರುತ್ತಿರಲಿಲ್ಲ. ಈ ವಿಸ್ಕಿಯ ಬಾರ್ಲಿಯನ್ನು ಕುರಿಯ ಒಣ ಹಿಕ್ಕೆ ಉರಿಸಿದ ಹೊಗೆಯಲ್ಲಿ ಒಣಗಿಸಲಾಗಿದೆ ಎಂದು ಬಾಟಲಿಯ ಚೀಟಿಯ ಮೇಲೆ ಯಾವ ಸಂಕೋಚವೂ ಇಲ್ಲದೆ ಅಚ್ಚು ಹಾಕಿದ್ದಾರೆ.

ಅಳಿಯಂದಿರು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ನಮ್ಮ ಮನೆಯವರು, ಈ ಬಾಟಲಿ ಅಡುಗೆಮನೆಯ ಬೀರುವಿಗೆ ಬರಕೂಡದೆಂದು ಅಪ್ಪಣೆ ಮಾಡಿದರು. ಹಬ್ಬದ ದಿನ ಅಂಗಳಕ್ಕೆ ಸಗಣಿ ಸಾರಿಸುವವರು, ಪೊಂಗಲ್ ಮಡಕೆಯ ಕೆಳಗೆ ಬೆರಣಿ ಜೋಡಿಸುವವರು ನೀವೇ ಅಲ್ಲವೇ ಎಂದು ಕೇಳಿದೆ. ‘ಹಸುವಿನದು ಬೇರೆ, ಕುರಿಯದು ಬೇರೆ, ಕುಡಿಯುವುದು ಇನ್ನೂ ಬೇರೆ’ ಎಂದರು. ಮರುಮಾತಿಗೆ ಎಡೆಯಿರಲಿಲ್ಲ. ಬಾಟಲಿ ಈಗ ನನ್ನ ಹಳೆಯ ಕಡತಗಳ ಟ್ರಂಕಿನ ಪಕ್ಕದಲ್ಲಿದೆ.

ಹಿಕ್ಕೆಯೇ ಏಕೆ ಎಂಬುದಕ್ಕೆ ಆ ನಾಡಿನ ಚರಿತ್ರೆಯಲ್ಲಿ ಉತ್ತರವಿದೆ. 9ನೇ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯ ಜನ ಅಲ್ಲಿಗೆ ಬಂದು ನೆಲೆಸಿದಾಗ ದ್ವೀಪದ ಕಾಲು ಭಾಗಕ್ಕಾದರೂ ಬರ್ಚ್ ಮರಗಳ ಹೊದಿಕೆಯಿತ್ತು. ಸೌದೆಗೆ, ಇದ್ದಿಲಿಗೆ, ಕುರಿಗಳ ಮೇವಿಗೆ ಎಂದು ಕಡಿಯುತ್ತಾ ಮೇಯಿಸುತ್ತಾ ಬಂದು, ಈಗ ಉಳಿದಿರುವ ಕಾಡು ನೆಲದ ಶೇ. 2ರ ಆಸುಪಾಸಿನದು. ಮರವಿಲ್ಲದ ಊರಿನಲ್ಲಿ ಒಲೆಗೆ ಏನು ಹಾಕುವುದು? ಚಳಿಗಾಲದ ತಿಂಗಳುಗಳಲ್ಲಿ ಕುರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾರೆ. ಅವು ತುಳಿದು ತುಳಿದು ಹಿಕ್ಕೆಯೆಲ್ಲ ನೆಲದ ಮೇಲೆ ಗಟ್ಟಿ ಹಾಸಾಗುತ್ತದೆ. ಚಳಿ ಕಳೆದ ಮೇಲೆ ಅದನ್ನು ಸಲಿಕೆಯಿಂದ ಇಟ್ಟಿಗೆಯಂತೆ ಕತ್ತರಿಸಿ, ಗಾಳಿಗೆ ಒಡ್ಡಿ ಒಣಗಿಸಿ ಒಟ್ಟುತ್ತಾರೆ. ಇದೇ ಇಂಧನದ ಹೊಗೆಯಲ್ಲಿ ಕುರಿಮಾಂಸವನ್ನು ತೂಗುಹಾಕಿ ಹದ ಮಾಡುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದ್ದು, ‘ಹಾಂಗಿಕ್ಯೋತ್’ ಎಂಬ ಆ ಮಾಂಸ ಇಂದಿಗೂ ಕ್ರಿಸ್ಮಸ್ ಊಟದ ಮುಖ್ಯ ಭಕ್ಷ್ಯವಾಗಿದೆ. ಭಟ್ಟಿಯವರು ಮಾಡಿರುವುದು ಇಷ್ಟೇ: ಮಾಂಸಕ್ಕೆ ಕೊಡುತ್ತಿದ್ದ ಹೊಗೆಯನ್ನು ಬಾರ್ಲಿಗೆ ಕೊಟ್ಟಿದ್ದಾರೆ.

ಹೊಗೆ ಧಾನ್ಯಕ್ಕೆ ಹತ್ತುವ ಬಗೆಯನ್ನು ರಾಗಿ ಮಾಲ್ಟ್ ಮಾಡಿದ ಮನೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ನಾವು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬಿಸಿಲಿಗೆ ಹರಡುತ್ತೇವೆ; ಬಿಸಿಲು ಕಾಣದ ಸ್ಕಾಟ್ಲೆಂಡಿನವರು ಪೀಟ್ ಎಂಬ ಜೌಗು ನೆಲದ ಕೊಳೆತ ಸಸ್ಯಮಣ್ಣನ್ನು ಉರಿಸಿ ಒಣಗಿಸಿದರು; ಐಸ್‌ಲ್ಯಾಂಡಿನವರು ಹಿಕ್ಕೆಯನ್ನು ಉರಿಸಿದರು. ಕಾಳು ಇನ್ನೂ ಒದ್ದೆಯಾಗಿರುವಾಗ ಹೊಗೆ ಅದಕ್ಕೆ ಚೆನ್ನಾಗಿ ಹತ್ತಿಕೊಳ್ಳುತ್ತದೆ.

ಇನ್ನು ಸವಿದ ಅನುಭವ. ಬಾಯಿ ಕಿರಿದಾದ ಗಾಜಿನ ಲೋಟಕ್ಕೆ ಎರಡು ಚಮಚದಷ್ಟು ಬಗ್ಗಿಸಿ ಹತ್ತು ನಿಮಿಷ ಹಾಗೆಯೇ ಬಿಟ್ಟೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು, ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಬೆಂದ ಹುಳುವಿನ ವಾಸನೆಯನ್ನು ಉಸಿರಾಡಿದ ಮೂಗು ನನ್ನದು, ಸೂಕ್ಷ್ಮವೆಂದು ಹೇಳಿಕೊಳ್ಳಲಾರೆ. ಮೊದಲು ಬಂದದ್ದು ಹಸಿ ಧಾನ್ಯದ ವಾಸನೆ, ಮೊಳಕೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದಾಗ ಬರುತ್ತದಲ್ಲ, ಅದು. ಅದರ ಹಿಂದೆ ಹೊಸ ಮರದ ಸಿಹಿ. ಹೊಗೆ ತಡವಾಗಿ ಬಂತು. ಆದರೆ ಬಂದದ್ದೇ ತಡ, ನಾನು ಲೋಟವನ್ನು ಕೆಳಗಿಟ್ಟುಬಿಟ್ಟೆ. ನಮ್ಮ ಅಜ್ಜಿ ಹಿತ್ತಲಿನ ಗೂಡಿನಲ್ಲಿ ಕುಳ್ಳಿನ ಕಾವಿನ ಮೇಲೆ ಹಾಲಿನ ಮಡಕೆಯನ್ನು ಬೆಳಗಿನಿಂದ ಸಂಜೆಯವರೆಗೆ ಇಡುತ್ತಿದ್ದರು. ಹಾಲು ನಸುಗೆಂಪಾಗಿ, ಮೇಲೆ ಬೆರಳು ದಪ್ಪ ಕೆನೆ ಕಟ್ಟುತ್ತಿತ್ತು. ಆ ಕೆನೆಯಲ್ಲಿ ಹೊಗೆಯ ಒಂದು ಎಳೆ ಇರುತ್ತಿತ್ತು. ಅದೇ ವಾಸನೆ ಎಂದು ನನಗೆ ಅನ್ನಿಸಿತು.

ಬಾಯಿಗೆ ಹಾಕಿಕೊಂಡಾಗ ಅಷ್ಟು ಸೊಗಸಿರಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲು ಸಿಹಿ, ಕೂಡಲೇ ಮೆಣಸಿನ ಖಾರ, ಗಂಟಲಿನಲ್ಲಿ ಉರಿ, ಕೊನೆಗೆ ಸುಟ್ಟ ಜೋಳದ ತೆನೆಯ ಕಹಿ. ಅದೂ ಬೇಗ ಆರಿಹೋಯಿತು. ಇನ್ನೂ ಹೀಚು. ಯೂರೋಪಿನ ನಿಯಮದಂತೆ ಮೂರು ವರ್ಷ ಪೀಪಾಯಿಯಲ್ಲಿದ್ದರೆ ವಿಸ್ಕಿ ಎನ್ನಬಹುದು. ಅಲ್ಲಿನ ಚಳಿಯಲ್ಲಿ ಮೂರು ವರ್ಷ ಏನೇನೂ ಸಾಲದು ಎಂಬುದು ನನ್ನ ಅಭಿಪ್ರಾಯ.

ನನ್ನ ಸಂದೇಹ ಇಷ್ಟು. ಆ ಕೆನೆಯ ವಾಸನೆ ನಿಜವಾಗಿ ಲೋಟದಲ್ಲಿತ್ತೋ, ಅಥವಾ ಹಿಕ್ಕೆ ಎಂಬ ಮಾತನ್ನು ಮೊದಲೇ ಕೇಳಿದ್ದರಿಂದ ನನ್ನ ತಲೆಯಲ್ಲಿ ಹುಟ್ಟಿತೋ? ತಿಳಿದವರು ದಯವಿಟ್ಟು ಬರೆಯಬೇಕು.

ಗೌರಿಬಿದನೂರು ರಸಾಯನ ಮೇಷ್ಟ್ರು

ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ್ದೀರಿ ಸರ್. ಮೊದಲು ರಸಾಯನದ ಭಾಗವನ್ನು ಹೇಳುತ್ತೇನೆ. ಕುರಿ ತಿಂದ ಹುಲ್ಲಿನಲ್ಲಿ ಲಿಗ್ನಿನ್ ಎಂಬ ನಾರಿನ ಅಂಶವಿರುತ್ತದೆ. ಅದು ಹೊಟ್ಟೆಯಲ್ಲಿ ಬಹುಪಾಲು ಕರಗದೆ ಹಾಗೆಯೇ ಹಿಕ್ಕೆಯಲ್ಲಿ ಹೊರಬರುತ್ತದೆ. ಲಿಗ್ನಿನ್ ಬೆಂಕಿಗೆ ಸಿಕ್ಕಾಗ ಒಡೆದು ಗ್ವಾಯಕಾಲ್, ಕ್ರೆಸಾಲ್ ಮುಂತಾದ ಫಿನಾಲುಗಳಾಗುತ್ತದೆ. ಸೌದೆಯ ಹೊಗೆ, ಪೀಟ್ ಹೊಗೆ, ಬೆರಣಿಯ ಹೊಗೆ ಎಲ್ಲದರಲ್ಲೂ ಇವೇ ಇರುತ್ತವೆ. ಬದಲಾಗುವುದು ಇವುಗಳ ಪ್ರಮಾಣ. ಆದ್ದರಿಂದ ಐಸ್‌ಲ್ಯಾಂಡಿನ ಕುರಿಗೂ ನಿಮ್ಮ ಅಜ್ಜಿಯ ಹಸುವಿಗೂ ನಂಟು ಇರುವುದು ಅಸಾಧ್ಯವೇನಲ್ಲ. ಎರಡೂ ಹುಲ್ಲು ತಿಂದವು.

ವಿಸ್ಕಿಯ ಹೊಗೆಯನ್ನು ಮಾಲ್ಟ್‌ನಲ್ಲಿರುವ ಫಿನಾಲಿನ ಪ್ರಮಾಣದಿಂದ, ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂದು ಅಳೆಯುತ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಭಟ್ಟಿಯಾದ ಲಫ್ರಾಯ್ಗ್‌ನ ಮಾಲ್ಟ್‌ನಲ್ಲಿ ಅದು 40ರಿಂದ 45ರಷ್ಟಿರುತ್ತದೆ. ಇದು ಕಾಳಿನ ಲೆಕ್ಕವೇ ಹೊರತು ಬಾಟಲಿಯ ಲೆಕ್ಕವಲ್ಲ. ಭಟ್ಟಿ ಇಳಿಸುವಾಗ ಅದರಲ್ಲಿ ಬಹುಪಾಲು ಹಿಂದೆಯೇ ಉಳಿಯುತ್ತದೆ.

ನೀರು ಬೆರೆಸಿದಿರೋ ಇಲ್ಲವೋ ಎಂದು ನೀವು ಬರೆದಿಲ್ಲ. ಹೊಗೆಯ ವಾಸನೆಗೆ ಮುಖ್ಯ ಕಾರಣವಾದ ಗ್ವಾಯಕಾಲ್ ಬಗ್ಗೆ 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗಣಕಯಂತ್ರದ ಮೇಲೆ ಲೆಕ್ಕ ಹಾಕಿ ತೋರಿಸಿದ್ದು ಹೀಗಿದೆ: ಮದ್ಯಸಾರ ಶೇ. 59ಕ್ಕಿಂತ ಹೆಚ್ಚಿದ್ದರೆ ಗ್ವಾಯಕಾಲ್ ಅಣುಗಳು ದ್ರವದ ಒಳಗೇ ಮದ್ಯಸಾರದಿಂದ ಸುತ್ತುವರಿದು ಉಳಿಯುತ್ತವೆ, ಶೇ. 45ಕ್ಕೂ ಕೆಳಗಿಳಿದರೆ ಮೇಲ್ಮೈಗೆ ಬಂದು ನಿಲ್ಲುತ್ತವೆ. ಮೇಲ್ಮೈಗೆ ಬಂದದ್ದು ಮೂಗಿಗೆ ಸಿಗುತ್ತದೆ. ನಿಮ್ಮ ಬಾಟಲಿ ಶೇ. 47, ನಾಲ್ಕು ಹನಿ ನೀರು ಸಾಕು.

ಸಂದೇಹ ಪರಿಹಾರಕ್ಕೆ ಒಂದೇ ದಾರಿ. ಯಾವ ಲೋಟದಲ್ಲಿ ಏನಿದೆಯೆಂದು ನಿಮಗೆ ತಿಳಿಯದಂತೆ ಬೇರೆಯವರಿಂದ ಬಗ್ಗಿಸಿಕೊಂಡು ಸವಿಯಿರಿ. ಹಿಕ್ಕೆಯ ವಿಷಯ ಗೊತ್ತಿಲ್ಲದ ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ನರಸಾಪುರ ರಾತ್ರಿಪಾಳಿ

ನಾನು ಕೋಲಾರದವನು, ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅನಿರೀಕ್ಷಿತ ನಾಡಿನ ವಿಸ್ಕಿ ಎಂದಾಗ ನನಗೆ ನೆನಪಾಗುವುದು ತೈವಾನಿನ ಸಹೋದ್ಯೋಗಿಯೊಬ್ಬರು ಊರಿಗೆ ಹೋಗಿ ಬಂದಾಗ ತಂದುಕೊಟ್ಟ ಕಾವಲಾನ್. ತೈವಾನಿನಲ್ಲಿ ಭಟ್ಟಿ ಇಳಿಸುವುದು ಸರ್ಕಾರದ ಏಕಸ್ವಾಮ್ಯವಾಗಿತ್ತು. 2002ರಲ್ಲಿ ಆ ದೇಶ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದ ಮೇಲೆ ಖಾಸಗಿಯವರಿಗೆ ಅವಕಾಶ ಸಿಕ್ಕಿತು. ಈಲಾನ್ ಪ್ರಾಂತ್ಯದ ಈ ಭಟ್ಟಿಯಲ್ಲಿ ಮೊದಲ ಹನಿ ಇಳಿದದ್ದು 2006ರ ಮಾರ್ಚ್‌ನಲ್ಲಿ. ಒಂಬತ್ತೇ ವರ್ಷಕ್ಕೆ, 2015ರಲ್ಲಿ, ವೈನ್ ಪೀಪಾಯಿಯಲ್ಲಿ ಮಾಗಿಸಿದ ಅವರ ವಿಸ್ಕಿಗೆ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ) ಎಂಬ ಪ್ರಶಸ್ತಿ ಬಂತು.

ಇದನ್ನು ಹೇಳಲು ಕಾರಣವಿದೆ. ಮೂರು ವರ್ಷ ಸಾಲದು ಎಂದು ಸರ್ ಬರೆದಿದ್ದಾರೆ. ವರ್ಷದ ಲೆಕ್ಕ ಎಲ್ಲ ಊರಿಗೂ ಒಂದೇ ಅಲ್ಲ. ಪೀಪಾಯಿಯ ಮರ ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಮದ್ಯವನ್ನು ಒಳಗೆಳೆದು ಹೊರಬಿಡುತ್ತದೆ. ಜೊತೆಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಆ ದೇವದೂತರು ವರ್ಷಕ್ಕೆ ಶೇ. 2ರಷ್ಟಕ್ಕೆ ತೃಪ್ತರಾದರೆ, ಬೆಂಗಳೂರಿನಲ್ಲೂ ತೈವಾನಿನಲ್ಲೂ ಶೇ. 10ಕ್ಕೂ ಮಿಕ್ಕಿ ಕುಡಿಯುತ್ತಾರೆ. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ಸಿಂಗಲ್ ಮಾಲ್ಟ್ 2004ರ ಆಗಸ್ಟ್‌ನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಭಾರತದಲ್ಲಿ ಕಾಕಂಬಿಯಿಂದ ಮಾಡಿದ್ದನ್ನೇ ವಿಸ್ಕಿ ಎನ್ನುತ್ತಾರೆಂದು ಮೂಗು ಮುರಿಯುತ್ತಿದ್ದವರ ಊರಿನಲ್ಲೇ ಅದನ್ನು ಇಟ್ಟರು. ನಾಲ್ಕೈದು ವರ್ಷಕ್ಕೇ ಅದು ಹದಕ್ಕೆ ಬಂದಿರುವುದು ಇಲ್ಲಿನ ಬಿಸಿಲಿನಿಂದ. ಹಾಗೆ ನೋಡಿದರೆ ಐಸ್‌ಲ್ಯಾಂಡಿನದು ಇನ್ನೂ ಕಣ್ಣು ಬಿಡದ ಕೂಸು.

ಕಾವಲಾನ್‌ನಲ್ಲಿ ನನಗೆ ಮಾಗಿದ ಮಾವು, ಸುಟ್ಟ ಸಕ್ಕರೆ ಸಿಕ್ಕವು. ಹೊಗೆ ಇರಲಿಲ್ಲ, ಆದ್ದರಿಂದ ಸರ್ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಶಿರಾ ಸೀಮೆಯವನು

ಮಾನ್ಯರೇ, ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಈಗ ತುಮಕೂರಿನಲ್ಲಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಹಿಕ್ಕೆಯ ವಿಚಾರದಲ್ಲಿ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮಲ್ಲಿ ಹಿಕ್ಕೆಯನ್ನು ಒಲೆಗೆ ಹಾಕುವವರು ಕಡಿಮೆ, ಏಕೆಂದರೆ ಅದು ಹೊಲದ ಸೊತ್ತು. ಬೇಸಿಗೆಯಲ್ಲಿ ಹೊಲದವರು ಕರೆದು ಮಂದೆ ಕಟ್ಟಿಸುತ್ತಾರೆ. ಒಂದು ರಾತ್ರಿ ಕುರಿ ತಂಗಿದರೆ ಇಷ್ಟು ದುಡ್ಡು ಅಥವಾ ಇಷ್ಟು ರಾಗಿ ಎಂದು ಮಾತಾಗುತ್ತದೆ. ಆದರೆ ರೊಪ್ಪದ ಮೂಲೆಯಲ್ಲಿ ಮಳೆಗಾಲ ಕಳೆದ ಮೇಲೆ ಗಟ್ಟಿಯಾಗಿ ಕೂತ ಹಾಸನ್ನು ನಾವೂ ಗುದ್ದಲಿಯಿಂದ ಎಬ್ಬಿಸುತ್ತೇವೆ. ಸೊಳ್ಳೆಗೆಂದು ಅದರ ಹೊಗೆ ಹಾಕುವುದುಂಟು. ಆ ಹೊಗೆ ಬೆರಣಿಯ ಹೊಗೆಯಂತೆ ಮೃದುವಲ್ಲ. ಅದರಲ್ಲಿ ಮಳೆಗೆ ನೆಂದ ಕಂಬಳಿಯನ್ನು ಬೆಂಕಿಯ ಹತ್ತಿರ ಹರಡಿದಾಗ ಬರುವ ಘಾಟು ಇರುತ್ತದೆ. ನಿಮ್ಮ ಲೋಟದಲ್ಲಿ ಹಾಲಿನ ಕೆನೆ ಸಿಕ್ಕಿದೆ, ಕಂಬಳಿ ಸಿಕ್ಕಿಲ್ಲ ಎಂದರೆ, ಒಂದೋ ಅಲ್ಲಿನ ಕುರಿಗಳು ನಮ್ಮವಕ್ಕಿಂತ ಮರ್ಯಾದಸ್ಥವಾಗಿರಬೇಕು, ಇಲ್ಲವೇ ನಿಮ್ಮ ಅಜ್ಜಿಯವರ ನೆನಪು ನಿಮ್ಮ ಮೂಗನ್ನು ಹಿಡಿದಿರಬೇಕು. ತಪ್ಪು ತಿಳಿಯಬೇಡಿ.

ಆ ಬಾಟಲಿಯ ಹೆಸರಿನ ಹಿಂದೆ ಕಥೆಯೇನಾದರೂ ಇದೆಯೇ?

ಶಿಡ್ಲಘಟ್ಟದ ನಿವೃತ್ತ

ಹೆಸರಿನ ಕಥೆ ನಿಮಗೇ ಸಲ್ಲಬೇಕಾದದ್ದು, ಕೇಳಿ. ಫ್ಲೋಕಿ ಎಂಬುವನು 9ನೇ ಶತಮಾನದಲ್ಲಿ ನಾರ್ವೆಯಿಂದ ಹಡಗು ಹತ್ತಿದವನು. ನೆಲ ಎಲ್ಲಿದೆಯೆಂದು ತಿಳಿಯಲು ಮೂರು ದೊಡ್ಡ ಕಾಗೆಗಳನ್ನು ಒಯ್ದಿದ್ದನಂತೆ. ಮೊದಲನೆಯದು ಬಂದ ದಾರಿಗೇ ಹಿಂದಿರುಗಿತು, ಎರಡನೆಯದು ಮೇಲೆ ಹಾರಿ ಹಡಗಿಗೇ ಇಳಿಯಿತು, ಮೂರನೆಯದು ಮುಂದಕ್ಕೆ ಹಾರಿತು, ಅದರ ಬೆನ್ನು ಹಿಡಿದು ಹೋದ. ನೆಲ ಸಿಕ್ಕಿತು. ಬೇಸಿಗೆಯೆಲ್ಲ ಮೀನು ಹಿಡಿಯುವುದರಲ್ಲೇ ಕಳೆದು, ಒಣಹುಲ್ಲು ಕೂಡಿಡಲು ಮರೆತುಬಿಟ್ಟ. ಚಳಿಗಾಲದಲ್ಲಿ ತಂದಿದ್ದ ಜಾನುವಾರುಗಳೆಲ್ಲ ಮೇವಿಲ್ಲದೆ ಸತ್ತವು. ಮುಂದೆ ಬೆಟ್ಟ ಹತ್ತಿ ನೋಡಿದಾಗ ಕೊಲ್ಲಿಯ ತುಂಬ ಮಂಜುಗಡ್ಡೆ ತೇಲುತ್ತಿತ್ತು. ಆ ಸಿಟ್ಟಿನಲ್ಲಿ ನಾಡಿಗೆ ಐಸ್‌ಲ್ಯಾಂಡ್ ಎಂದು ಹೆಸರಿಟ್ಟ ಎನ್ನುತ್ತಾರೆ.

ಶಿರಾ ಸೀಮೆಯವನು

ಮೇವು ಕೂಡಿಡದೆ ಜಾನುವಾರು ಕೊಂದವನ ಹೆಸರನ್ನು ಹಿಕ್ಕೆಯ ಬಾಟಲಿಗೆ ಇಟ್ಟಿದ್ದಾರೆಂದರೆ, ಆ ಭಟ್ಟಿಯವರಲ್ಲಿ ಕುರಿ ಸಾಕಿದವರು ಯಾರೂ ಇರಲಾರರು.

ಕೋಲಾರದ ಸೊಸೆ

ಇಲ್ಲಿ ಬರೆಯಬಹುದೋ ಬಾರದೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ನಾನು ಮದ್ಯ ಸೇವಿಸುವವಳಲ್ಲ, ಆಹಾರ ಸಂಸ್ಕರಣೆಯನ್ನು ಓದಿದವಳು. ಎರಡು ಪ್ರಶ್ನೆಗಳಿವೆ. ಹಿಕ್ಕೆಯ ಹೊಗೆ ಹಿಡಿಸಿದ ಧಾನ್ಯದಿಂದ ಮಾಡಿದ್ದು ಆರೋಗ್ಯಕ್ಕೆ ಹಾನಿಯಲ್ಲವೇ? ಎರಡನೆಯದಾಗಿ, ಹಿಕ್ಕೆ ಎಂಬ ಮಾತೇ ಇಲ್ಲಿ ಮಾರಾಟದ ಉಪಾಯವಲ್ಲವೇ? ಅಸಹ್ಯ ಎನ್ನಿಸುವ ಹೆಸರನ್ನು ಚೀಟಿಗೆ ಹಾಕಿದರೆ ಪ್ರವಾಸಿಗರು ನಗುತ್ತಾ ಕೊಳ್ಳುತ್ತಾರೆ. ವಿಮಾನ ನಿಲ್ದಾಣದಲ್ಲಿ ಅದು ಸಿಕ್ಕಿತೆಂಬುದೇ ನನಗೆ ಸಾಕ್ಷಿಯಾಗಿ ಕಾಣುತ್ತದೆ.

ಗೌರಿಬಿದನೂರು ರಸಾಯನ ಮೇಷ್ಟ್ರು

ಮೊದಲ ಪ್ರಶ್ನೆಗೆ: ಕಾಳಿಗೆ ತಗಲುವುದು ಹೊಗೆ, ಹಿಕ್ಕೆಯಲ್ಲ. ಆಮೇಲೆ ಅದನ್ನು ಬಿಸಿನೀರಿನಲ್ಲಿ ಕಲಸಿ, ಹುಳಿ ಬರಿಸಿ, ತಾಮ್ರದ ಪಾತ್ರೆಯಲ್ಲಿ ಎರಡು ಸಲ ಕುದಿಸಿ ಆವಿಯನ್ನು ಮಾತ್ರ ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಯಾವ ಸೂಕ್ಷ್ಮಜೀವಿಯೂ ಉಳಿದಿರುವುದಿಲ್ಲ. ಹಾನಿ ಎಂದರೆ ಅದು ಮದ್ಯಸಾರದ್ದೇ ಅಮ್ಮಾ, ಹಿಕ್ಕೆಯದಲ್ಲ. ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧದಷ್ಟು. ಉಪಾಯ ಇರಬಹುದು, ಪದ್ಧತಿ ಮಾತ್ರ ಹುಟ್ಟಿಸಿಕೊಂಡದ್ದಲ್ಲ. ಸ್ವೀಡನ್ನಿನ ಮಾಕ್‌ಮೀರಾ ಎಂಬ ಭಟ್ಟಿಯವರು ಜುನಿಪರ್ ಕಡ್ಡಿಗಳನ್ನು ಉರಿಸಿ ಹೊಗೆ ಹಿಡಿಸುವುದನ್ನು ಯಾರೂ ಉಪಾಯ ಎನ್ನುವುದಿಲ್ಲ, ಕಡ್ಡಿಯ ಹೆಸರು ಕೇಳಲು ಹಿತವಾಗಿದೆ ಎಂಬ ಒಂದೇ ಕಾರಣಕ್ಕೆ.

ಶಿಡ್ಲಘಟ್ಟದ ನಿವೃತ್ತ

ಮೇಷ್ಟ್ರ ಸಲಹೆಯಂತೆ ನಿನ್ನೆ ಸಂಜೆ ಪರೀಕ್ಷೆ ನಡೆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೂರು ಮದ್ಯ: ಫ್ಲೋಕಿ, ಲಫ್ರಾಯ್ಗ್ ಹತ್ತು ವರ್ಷದ್ದು, ಮತ್ತು ಸ್ಕಾಟ್ಲೆಂಡಿನ ಪೀಟ್ ಹಿಡಿಸಿದ ಬಾರ್ಲಿಯಿಂದ ಮಾಡಿದ ಅಮೃತ್ ಪೀಟೆಡ್. ಮೂವರು ಪರೀಕ್ಷಾರ್ಥಿಗಳು: ನಾನು, ಅಳಿಯಂದಿರು, ಮತ್ತು ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯವರು. ಪಕ್ಕದ ಮನೆಯವರಿಗೆ ಹಿಕ್ಕೆಯ ವಿಷಯ ಹೇಳಿರಲಿಲ್ಲ. ಬಗ್ಗಿಸುವ ಕೆಲಸಕ್ಕೆ ನಮ್ಮ ಮನೆಯವರನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಬಾಟಲಿಯನ್ನು ಹಳೆಯ ಟವೆಲಿನಲ್ಲಿ ಹಿಡಿದು ಬಗ್ಗಿಸಿದರು. ಗುರುತಿಗೆಂದು ಲೋಟಗಳ ತಳಕ್ಕೆ ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ವಿಭೂತಿ ಹಚ್ಚಿದ್ದರು. ಗಾಜಿನ ಲೋಟಗಳು ಒಂದೇ ಬಗೆಯವು ಮನೆಯಲ್ಲಿ ಇಲ್ಲದ ಕಾರಣ ಎಲ್ಲವೂ ಸ್ಟೀಲ್ ಲೋಟಗಳು. ಬಣ್ಣ ನೋಡಿ ಊಹಿಸುವ ದಾರಿಯೂ ಮುಚ್ಚಿತು.

ಮೊದಲ ಸುತ್ತಿನಲ್ಲಿ ಒಂದು ಎಡವಟ್ಟಾಯಿತು. ನೀರು ಬೆರೆಸಲು ಇಟ್ಟಿದ್ದ ಚೊಂಬಿಗೆ ಕ್ಯಾನ್ ನೀರಿನ ಬದಲು ಕೊಳವೆಬಾವಿಯ ನೀರು ತುಂಬಿತ್ತು. ನಮ್ಮ ಊರಿನ ಗಡಸು ನೀರು ತಿಳಿದದ್ದೇ. ಸಾರಿನ ಪಾತ್ರೆಯ ತಳಕ್ಕೆ ಬಿಳಿಯ ಪೊರೆ ಕಟ್ಟಿಸುವ ನೀರು ವಿಸ್ಕಿಯನ್ನು ಸುಮ್ಮನೆ ಬಿಡುತ್ತದೆಯೇ? ಮೂರೂ ಲೋಟಗಳು ಒಂದೇ ಬಗೆಯ ಸೀಮೆಸುಣ್ಣದ ರುಚಿಗೆ ಇಳಿದವು. ಎಲ್ಲವನ್ನೂ ಚೆಲ್ಲಿ ಮತ್ತೆ ಆರಂಭಿಸಿದೆವು. ಚೆಲ್ಲುವಾಗ ಪಕ್ಕದ ಮನೆಯವರ ಮುಖವನ್ನು ನೋಡಲಾಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಕುಂಕುಮದ ಲೋಟವನ್ನು ಮೂಸಿದೊಡನೆ ಮೂವರೂ ಒಂದೇ ಮಾತು: ಆಸ್ಪತ್ರೆ, ಟಿಂಚರ್ ಅಯೋಡಿನ್, ಹಳೆಯ ಬ್ಯಾಂಡೇಜು. ಅದು ಲಫ್ರಾಯ್ಗ್ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಉಳಿದ ಎರಡರಲ್ಲಿ ನಾನು ಸೋತೆ. ಅರಿಶಿನದ ಲೋಟದಲ್ಲಿ ಅಜ್ಜಿಯ ಹಾಲಿನ ಕೆನೆ ಸ್ಪಷ್ಟವಾಗಿ ಸಿಕ್ಕಿತು, ಇದೇ ಫ್ಲೋಕಿ ಎಂದು ಬರೆದುಕೊಟ್ಟೆ. ಅದು ಅಮೃತ್ ಪೀಟೆಡ್ ಆಗಿತ್ತು. ನೀರು ಬಿದ್ದ ಮೇಲೆ ಅದರಲ್ಲಿ ಕಿತ್ತಳೆ ಸಿಪ್ಪೆ, ಬೆಲ್ಲದ ಪಾಕ ತೋರಿ, ನನ್ನ ತಪ್ಪು ನನಗೇ ಹೊಳೆಯಿತು, ಆದರೆ ಉತ್ತರ ಪತ್ರಿಕೆ ಆಗಲೇ ಮನೆಯವರ ಕೈಯಲ್ಲಿತ್ತು. ಅಳಿಯಂದಿರು ಸರಿಯಾಗಿ ಗುರುತಿಸಿದರು. ಅವರು ಈಗಾಗಲೇ ಅಲ್ಲಿ ಒಂದು ಬಾರಿ ಕುಡಿದು ಬಂದವರು ಎಂಬುದನ್ನು ದಾಖಲಿಸಬೇಕು.

ಪಕ್ಕದ ಮನೆಯವರು ವಿಭೂತಿಯ ಲೋಟವನ್ನು ಬಹಳ ಹೊತ್ತು ಮೂಸಿ, ‘ಇದೇನು, ನೆಂದ ಗೋಣಿಚೀಲದ ವಾಸನೆ’ ಎಂದರು. ಅದೇ ಫ್ಲೋಕಿ.

ಕೊನೆಯಲ್ಲಿ, ವಿಭೂತಿಯನ್ನು ಆ ಲೋಟಕ್ಕೇ ಏಕೆ ಹಚ್ಚಿದಿರೆಂದು ನಮ್ಮ ಮನೆಯವರನ್ನು ಕೇಳಿದೆ. ‘ವಿಭೂತಿ ಯಾವುದರಿಂದ ಮಾಡುತ್ತಾರೆ?’ ಎಂದು ತಿರುಗಿ ಕೇಳಿದರು. ಸಗಣಿ ಸುಟ್ಟೇ ಅಲ್ಲವೇ.

ಶಿರಾ ಸೀಮೆಯವನು

ಗೋಣಿಚೀಲವೂ ಕಂಬಳಿಯೂ ನೆಂದ ಮೇಲೆ ಬಹಳ ದೂರದ ನೆಂಟರಲ್ಲ. ಗೆಲುವು ನನ್ನದೆಂದು ಬರೆದುಕೊಳ್ಳುತ್ತೇನೆ.

ಮಧುಗಿರಿ ಬೆಟ್ಟದ ತಪ್ಪಲು

ಚರ್ಚೆ ಸೊಗಸಾಗಿದೆ. ನನ್ನದೊಂದು ಪ್ರಶ್ನೆ: ಬಾರ್ಲಿಯ ಬದಲು ರಾಗಿಯಿಂದ ವಿಸ್ಕಿ ಆಗುವುದಿಲ್ಲವೇ? ಅಮೆರಿಕದ ಶಿಕಾಗೋದಲ್ಲಿ ಕೋವಲ್ ಎಂಬ ಭಟ್ಟಿಯವರು ಸಿರಿಧಾನ್ಯವೊಂದರಿಂದಲೇ ವಿಸ್ಕಿ ಮಾಡಿ ಮಾರುತ್ತಿದ್ದಾರೆ. ರಾಗಿಯ ಸೀಮೆಯವರಾದ ನಾವು ಮಾತ್ರ ಪರರ ಬಾರ್ಲಿಗೆ ಬಾಯಿಬಿಡುವುದೇ?

ಗೌರಿಬಿದನೂರು ರಸಾಯನ ಮೇಷ್ಟ್ರು

ಶಾಸ್ತ್ರದ ಮಟ್ಟಿಗೆ ಅಡ್ಡಿಯಿಲ್ಲ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಬೇಕು. ಸಿರಿಧಾನ್ಯಗಳ ಪೈಕಿ ಆ ಶಕ್ತಿ ರಾಗಿಗೆ ಚೆನ್ನಾಗಿಯೇ ಇದೆ. ಮಕ್ಕಳಿಗೆ ಕೊಡುವ ರಾಗಿ ಮಾಲ್ಟ್ ಸಕ್ಕರೆ ಹಾಕುವ ಮೊದಲೇ ನಸುಸಿಹಿಯಾಗಿರುವುದು ಇದರಿಂದಲೇ. ಆದರೆ ಪರವಾನಗಿ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ. ನಮ್ಮ ರಾಜ್ಯದಲ್ಲಿ ಸಾರಾಯಿಯೇ 2007ರ ಜುಲೈ 1ರಿಂದ ನಿಷಿದ್ಧ. ಕಳ್ಳಭಟ್ಟಿಯಲ್ಲಿ ವಿಷ ಸೇರಿ ಸತ್ತವರ, ಕಣ್ಣು ಕಳೆದುಕೊಂಡವರ ಸುದ್ದಿ ನಾವು ಓದಿದ್ದೇವೆ. ಆಸೆಯನ್ನು ಭಟ್ಟಿಯವರೆಗೆ ಒಯ್ಯಬೇಡಿ. ಹೊಗೆಯವರೆಗೆ ಒಯ್ದರೆ ಸಾಕು, ಅದಕ್ಕೆ ಯಾರ ಪರವಾನಗಿಯೂ ಬೇಡ.

ಶಿರಾ ಸೀಮೆಯವನು

ಹೊಗೆಯವರೆಗೆ ಎಂದಿರಲ್ಲ ಮೇಷ್ಟ್ರೇ, ಅಲ್ಲಿಗೇ ಬಂದೆ. 18 ವರ್ಷದಿಂದ ಯಾರೂ ಅಗೆಯದ ಒಂದು ಮೂಲೆ ನಮ್ಮ ರೊಪ್ಪದಲ್ಲಿದೆ. ಹಾಸು ಇಟ್ಟಿಗೆಗಿಂತ ಗಟ್ಟಿ. ನಾಲ್ಕು ಹೆಂಟೆಗಳನ್ನು ಚೀಲದಲ್ಲಿ ಕಟ್ಟಿ ಬಸ್ಸಿನ ಪಾರ್ಸೆಲ್‌ಗೆ ಹಾಕಿದ್ದೇನೆ. ‘ಒಳಗೇನಿದೆ’ ಎಂಬ ಕಡೆ ‘ಗೊಬ್ಬರದ ಮಾದರಿ’ ಎಂದು ಬರೆಸಿದ್ದೇನೆ. ನಿವೃತ್ತರು ಬಿಡಿಸಿಕೊಂಡು, ಅದರ ಹೊಗೆಯನ್ನು ಮೊಳಕೆ ಕಾಳಿಗೆ ಹಿಡಿಸಿ, ಫ್ಲೋಕಿಯ ಪಕ್ಕದಲ್ಲಿಟ್ಟು ಮೂಸಿ ನೋಡಬೇಕು.

ಶಿಡ್ಲಘಟ್ಟದ ನಿವೃತ್ತ

ಪಾರ್ಸೆಲ್ ತಲುಪಿತು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅದಕ್ಕೆ ಕಾರಣ ನನ್ನ ಅಜ್ಞಾನ. ದಿನಸಿ ಅಂಗಡಿಯಿಂದ ಅರ್ಧ ಕಿಲೋ ಬಾರ್ಲಿ ತಂದು ನೆನೆಸಿ ಬಟ್ಟೆಯಲ್ಲಿ ಕಟ್ಟಿದ್ದೆ. ಮೂರು ದಿನವಾದರೂ ಮೊಳಕೆ ಬರಲಿಲ್ಲ, ನಾಲ್ಕನೆಯ ದಿನ ನಾರತೊಡಗಿತು. ಕಾಯಿಲೆಯವರಿಗೆ ಗಂಜಿ ಮಾಡುವ ಆ ಬಾರ್ಲಿಯನ್ನು ಪಾಲಿಶ್ ಮಾಡಿರುತ್ತಾರೆ, ಮೊಳೆಯುವ ಕಣ್ಣೇ ಅದರಲ್ಲಿ ಉಳಿದಿರುವುದಿಲ್ಲ ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದ ಮೇಲೆ ಗೊತ್ತಾಯಿತು. ಕೊನೆಗೆ ಮನೆಯ ರಾಗಿಯನ್ನೇ ಮೊಳಕೆ ಕಟ್ಟಿದೆ.

ಮಾಳಿಗೆಯ ಮೇಲೆ ಒಡೆದ ಹೂಕುಂಡದಲ್ಲಿ ಎರಡು ಹೆಂಟೆಗಳಿಗೆ ಬೆಂಕಿ ಹಿಡಿಸಿದೆ. ಉರಿ ಏಳಲಿಲ್ಲ, ಅಂಚಿನಲ್ಲಿ ಕೆಂಪಾಗಿ ಕನಲುತ್ತಾ, ತೆಳುನೀಲಿ ಹೊಗೆಯನ್ನು ಒಂದೇ ಸಮನೆ ಬಿಡುತ್ತಿತ್ತು. ಅದರ ಮೇಲೆ ಹಿಟ್ಟಿನ ಜರಡಿ ಇಟ್ಟು, ಒದ್ದೆ ಆರದ ರಾಗಿಯನ್ನು ಹರಡಿ, ಒಂದೂವರೆ ಗಂಟೆ ಕೈಯಾಡಿಸಿದೆ. (ಜರಡಿಗೆ ಬದಲಾಗಿ ಹೊಸದನ್ನು ತಂದುಕೊಟ್ಟಿದ್ದೇನೆ.) ಮರುದಿನ ಪೂರ್ತಿ ಒಣಗಿದ ಮೇಲೆ ಒಂದು ಹಿಡಿಯನ್ನು ಕುಟ್ಟಿ, ಬಟ್ಟಲಿನಲ್ಲಿ ಬಿಸಿನೀರು ಹಾಕಿ ಕಲಸಿ, ಪಕ್ಕದಲ್ಲಿ ಫ್ಲೋಕಿಯ ಲೋಟ ಇಟ್ಟುಕೊಂಡು ಕೂತೆ.

ಬಟ್ಟಲಿನಲ್ಲಿ ಕಂಬಳಿ ಇತ್ತು. ಶಿರಾದವರು ಹೇಳಿದ ಆ ಘಾಟು, ಪಕ್ಕದ ಮನೆಯವರ ಗೋಣಿಚೀಲ, ಎರಡೂ ಅದೇ. ಬಟ್ಟಲು ಬಿಟ್ಟು ಲೋಟಕ್ಕೆ ಹೋದರೆ ಅಲ್ಲಿಯೂ ಅದು ಇದೆ. ಮೊದಲ ದಿನ ನಾನು ಅದನ್ನು ಗಮನಿಸಿರಲಿಲ್ಲ. ಆದರೆ ಹಾಲಿನ ಕೆನೆ ಬಟ್ಟಲಿನಲ್ಲಿ ಎಲ್ಲೂ ಇಲ್ಲ, ಲೋಟದಲ್ಲಿ ಮಾತ್ರ ಇದೆ. ಹಾಗಾದರೆ ಅದು ಹೊಗೆಯಿಂದ ಬಂದದ್ದಲ್ಲ. ಮೇಷ್ಟ್ರನ್ನು ಕೇಳಿದೆ. ಅಮೆರಿಕದ ಓಕ್ ಮರದ ಪೀಪಾಯಿಯನ್ನು ಒಳಗೆ ಸುಟ್ಟು ತುಂಬುವುದರಿಂದ, ಮರದಲ್ಲಿರುವ ವೆನಿಲಿನ್ ಮತ್ತು ಲ್ಯಾಕ್ಟೋನ್ ಎಂಬ ತೆಂಗಿನಕಾಯಿ, ಕೆನೆಯ ವಾಸನೆಯ ಪದಾರ್ಥಗಳು ಮದ್ಯಕ್ಕೆ ಇಳಿಯುತ್ತವೆ ಎಂದರು. ಅಮೃತ್ ಪೀಟೆಡ್ ನನ್ನನ್ನು ಮೋಸಗೊಳಿಸಿದ್ದೂ ಇದರಿಂದಲೇ ಇರಬೇಕು: ಅದರಲ್ಲಿಯೂ ಹೊಗೆ ಇದೆ, ಓಕ್ ಇದೆ, ಬೆಂಗಳೂರಿನ ಬಿಸಿಲಿನಿಂದಾಗಿ ಓಕ್ ಇನ್ನೂ ಹೆಚ್ಚಾಗಿಯೇ ಇದೆ.

ಅಂದರೆ ಅಜ್ಜಿಯ ಹಾಲು ಎಂದು ನಾನು ತಿಳಿದದ್ದರಲ್ಲಿ ಕೆನೆ ಅಮೆರಿಕದ ಮರದ್ದು, ಹೊಗೆ ಐಸ್‌ಲ್ಯಾಂಡಿನ ಕುರಿಯದು, ಎರಡನ್ನೂ ಒಟ್ಟುಗೂಡಿಸಿದ್ದು ಮಾತ್ರ ನನ್ನ ಮೂಗು. ಕೋಲಾರದ ತಂಗಿಯವರು ಕೇಳಿದ್ದ ಪ್ರಶ್ನೆಗೂ ಈಗ ನನ್ನ ಉತ್ತರ ಬದಲಾಗಿದೆ: ಚೀಟಿಯ ಮೇಲಿನ ಮಾತು ಸುಳ್ಳಲ್ಲ, ಹಿಕ್ಕೆ ಲೋಟದಲ್ಲಿ ಇದ್ದೇ ಇದೆ, ಆದರೆ ನನಗೆ ರುಚಿಸಿದ ಭಾಗ ಅದಾಗಿರಲಿಲ್ಲ.

ಉಳಿದ ಎರಡು ಹೆಂಟೆಗಳನ್ನು ನಮ್ಮ ಮನೆಯವರು ಒಡೆದು ಮಲ್ಲಿಗೆ ಗಿಡದ ಬುಡಕ್ಕೆ ಹಾಕಿಬಿಟ್ಟಿದ್ದಾರೆ. ಬಾಟಲಿಯಲ್ಲಿ ಇನ್ನು ನಾಲ್ಕು ಬೆರಳಿನಷ್ಟು ಉಳಿದಿದ್ದು, ಗಾಳಿಯಾಡಿ ವಾಸನೆ ಹೋಗದಿರಲೆಂದು ಚಿಕ್ಕ ಸೀಸೆಗೆ ಬಗ್ಗಿಸಿ ಇಟ್ಟಿದ್ದೇನೆ. ಶಿರಾದವರು ಈ ಕಡೆ ಬರುವ ಭಾನುವಾರವನ್ನು ಮೊದಲೇ ತಿಳಿಸಿದರೆ, ಮೂಗಿನ ಮಟ್ಟಿಗೆ ನಮ್ಮೆಲ್ಲರಿಗಿಂತ ಹಿರಿಯರಾದ ಅವರ ಮುಂದೆ ಅದನ್ನು ಇಡುತ್ತೇನೆ. ಕ್ಯಾನ್ ನೀರು ತರಿಸಿರುತ್ತೇನೆ.